ಅರವತ್ತೆರಡರಲ್ಲಿ

ಕೂಳೂರು ಸೇತುವೆ ದಾಟುವಾಗ ಮೊದಲ ಸಲ ಕೇಳಿದ್ದು.
ಅರವತ್ತರವರೆಗೆ ಏನಿಲ್ಲ,
ಅರವತ್ತೆರಡಕ್ಕೆ ಬೆನ್ನ ಹಿಂದೆ ಯಾರೋ
ಬಾಯಿ ಮುಚ್ಚಿಕೊಂಡೇ ಊಳಿಟ್ಟ ಹಾಗೆ,
ಎಪ್ಪತ್ತಕ್ಕೆ ಮತ್ತೆ ಇಲ್ಲ.

ಎರಡೇ ಸೀಟಿನ ಗಾಡಿ. ಹಿಂದಿನ ಚಕ್ರ ನೂಕುವ ಜಾತಿ.
ಬಿಜೈಯ ಹಡಗು ಇಂಜಿನಿಯರೊಬ್ಬರು
ಹನ್ನೊಂದು ವರ್ಷ ಟಾರ್ಪಾಲು ಹೊದಿಸಿ ಇಟ್ಟದ್ದನ್ನು
ನಾನು ಪಿ.ಎಫ್. ಮುರಿದು ತಂದೆ.
ಈ ಪ್ರಾಯದಲ್ಲಿ ನಿನಗಿದು ಎಂತ ಮರ್ಲು, ಎಂದಳು ಅಕ್ಕ,
ಮೀನು ಇಡಲಿಕ್ಕೆ ಸರಿಯಾದ ಡಿಕ್ಕಿಯೂ ಇಲ್ಲ.

ಕಂಕನಾಡಿಯಲ್ಲಿ ಕಿವಿ ಪರೀಕ್ಷಿಸುವವಳು ನಾನು.
ಇಪ್ಪತ್ತಾರು ವರ್ಷ ಗಾಜಿನ ಈಚೆ ಕೂತು
ಊರಿಗೆ ಎಷ್ಟು ಕೇಳುವುದಿಲ್ಲ ಎಂದು ಗೆರೆ ಎಳೆದಿದ್ದೇನೆ.
ಶಬ್ದಕ್ಕೆ ಹೆಸರು ಸಿಗದೆ ನಿದ್ದೆ ಬರುವುದಿಲ್ಲ.

ತಣ್ಣೀರುಬಾವಿ ರಸ್ತೆ, ಭಾನುವಾರ ಬೆಳಿಗ್ಗೆ ಆರು.
ಕಾಲು ಒತ್ತಿದರೆ ಗುಂಯ್, ಬಿಟ್ಟರೆ ಊಂ,
ಬಿಟ್ಟಾಗಲೇ ಹೆಚ್ಚು.
ಎಡಕ್ಕೆ ಬಲಕ್ಕೆ ಹಾವಿನ ಹಾಗೆ ಓಡಿಸಿದೆ, ಬದಲಿಲ್ಲ;
ಚಕ್ರದ ಬೇರಿಂಗ್ ಅಲ್ಲ ಹಾಗಾದರೆ.
ಬಲೆ ಬಿಡಿಸುತ್ತಿದ್ದ ಹುಡುಗರು
ಕುಡಿದಿದ್ದಾಳೆ ಅಂದುಕೊಂಡಿರಬೇಕು.

ಬೈಕಂಪಾಡಿಯಲ್ಲಿ ಮಯ್ಯದ್ದಿಯ ಗ್ಯಾರೇಜು.
"ಎಂತ ಮೇಡಂ?" ಹೇಳಿದೆ. "ಆಂ?" ಇನ್ನೊಮ್ಮೆ ಹೇಳಿದೆ.
ಮೂರನೆಯ ಸಲಕ್ಕೆ ತಿಳಿಯಿತು,
ನನ್ನ ತುಟಿ ನೋಡುತ್ತಿದ್ದಾನೆ.
ಕಿವುಡನ ಕೈಗೆ ಶಬ್ದ ಕೊಟ್ಟೆನಲ್ಲ ದೇವರೇ.

ಹಿಂಬದಿ ಎತ್ತಿ ಸ್ಟ್ಯಾಂಡಿಗೆ ಕೂರಿಸಿದ,
ಹುಡುಗನಿಗೆ ಹೇಳಿ ಮೂರನೇ ಗೇರಿಗೆ ಹಾಕಿಸಿದ,
ಮೊಳದುದ್ದದ ಸ್ಕ್ರೂಡ್ರೈವರಿನ ತುದಿಯನ್ನು
ಡಿಫರೆನ್ಶಿಯಲ್ಲಿನ ಮೂತಿಗೆ ಆನಿಸಿ
ಹಿಡಿಯನ್ನು ಕಿವಿಯೊಳಗಲ್ಲ,
ಕಿವಿಯ ಹಿಂದಿನ ಎಲುಬಿಗೆ ಒತ್ತಿದ.

ದಿನಾ ನಾನು ಶ್ರುತಿಕವೆ ಒತ್ತುವ ಅದೇ ಜಾಗ.
ಗಾಳಿಯ ದಾರಿ ಮುಚ್ಚಿದರೂ ಕೆಲವರಿಗೆ
ಎಲುಬಿನ ದಾರಿ ತೆರೆದಿರುತ್ತದೆ ಎಂದು
ಎಷ್ಟು ವಿದ್ಯಾರ್ಥಿಗಳಿಗೆ ಹೇಳಿಲ್ಲ.
ಗ್ರೈಂಡರ್, ಕಂಪ್ರೆಸರ್, ಹೆದ್ದಾರಿಯ ಟ್ಯಾಂಕರ್,
ಯಾವುದೂ ಅವನ ಲೆಕ್ಕಕ್ಕಿಲ್ಲ.
ಕಣ್ಣು ಮುಚ್ಚಿದ.
ಬಹಳ ಹೊತ್ತು.

"ಪಿನಿಯನ್ನಿನ ಮುಂದಿನ ಬೇರಿಂಗ್ ಸವೆದಿದೆ.
ಹಲ್ಲಿನ ಮೇಲೆ ಹಲ್ಲು ಒಂದು ಕೂದಲೆಳೆ ತಪ್ಪಿ ಕೂತಿದೆ."
ಎಣ್ಣೆ ಇಳಿಸಿದ. ಬೂದು, ಬಂಗುಡೆಯ ಹೊಟ್ಟೆಯ ಮಿನುಗು.
ಬಿರಡೆಯ ಅಯಸ್ಕಾಂತಕ್ಕೆ ಕಬ್ಬಿಣದ ಮೀಸೆ.
ತುಂಡಿಲ್ಲ, ಪುಡಿ ಮಾತ್ರ. ಅದು ಒಳ್ಳೆಯದಂತೆ.
ಎರಡು ಬೆರಳಲ್ಲಿ ಉಜ್ಜಿ ತೋರಿಸಿದ.

"ಬಿಚ್ಚಬಹುದು. ಹೊಸ ಕ್ರೌನು ಪಿನಿಯನ್ನಿಗೆ
ನಿಮ್ಮ ಗಾಡಿಯಷ್ಟೇ ರೇಟು ಉಂಟು.
ಬೇರಿಂಗ್ ಮಾತ್ರ ಹಾಕಿದರೆ, ಹಳೇ ಹಲ್ಲು
ಹೊಸ ಜಾಗದಲ್ಲಿ ಇನ್ನೂ ಜೋರು ಕೂಗಬಹುದು.
ದಪ್ಪ ಎಣ್ಣೆ ಹಾಕ್ತೇನೆ.
ಸಾಯುವುದಿಲ್ಲ ಇದು ಈಗ. ಕೂಗ್ತದೆ, ಅಷ್ಟೆ.
ಐದು ಸಾವಿರಕ್ಕೊಮ್ಮೆ ಬಿರಡೆ ನೋಡುವ."

ನಿಮ್ಮದನ್ನೂ ನೋಡುವ, ಬನ್ನಿ, ಎಂದಿದ್ದೆ.
ಬಂದ, ಒಂದು ಶುಕ್ರವಾರ, ನಮಾಜು ಮುಗಿಸಿ,
ಅತ್ತರು, ಬಿಳಿ ಅಂಗಿ, ಉಗುರಿನಂಚಲ್ಲಿ ಗ್ರೀಸು.
ಗಾಜಿನ ಆಚೆ ಶಾಲೆಯ ಹುಡುಗನಂತೆ ಬೆರಳೆತ್ತಿದ.
ಗಾಳಿಯ ಗೆರೆ ಎಲ್ಲೋ ಕೆಳಗೆ.
ಎಲುಬಿನದ್ದು ಮೇಲೆ, ಇಪ್ಪತ್ತರ ಪ್ರಾಯದವನದ್ದು.
ಅಕ್ಕಿಕಾಳಿಗಿಂತ ಸಣ್ಣ ಎಲುಬೊಂದು
ಒಳಗೆ ಅಂಟಿ ಹಿಡಿದಿರಬಹುದು,
ಡಾಕ್ಟರು ಬಿಚ್ಚಿ ಸರಿ ಮಾಡುತ್ತಾರೆ, ಎಂದೆ.

ತುಟಿ ಓದಿ ನಕ್ಕ:
"ಬಿಚ್ಚಿದ ಮೇಲೆ ಹೊಸ ಶಬ್ದ ಬಂದರೆ?"

ಆಂ? ಎಂದೆ, ಕೇಳಿಸಿದ್ದರೂ.

ಈಗ ಐವತ್ತೆಂಟರಲ್ಲಿ ಸ್ವಲ್ಪ ತಡೆದು
ಎಪ್ಪತ್ತಕ್ಕೆ ಹಾರುತ್ತೇನೆ, ಒಡೆದ ಮೆಟ್ಟಿಲು ದಾಟುವ ಹಾಗೆ.
ಮುಂದೆ ಬಸ್ಸಿದ್ದರೆ ಅದೂ ಆಗುವುದಿಲ್ಲ,
ಸುರತ್ಕಲ್‌ವರೆಗೂ ಊಂ.
ಅಕ್ಕ ಮಡಿಲಲ್ಲಿ ಬೂತಾಯಿಯ ತೊಟ್ಟೆ ಹಿಡಿದು
ಎಂತ ಅದು ಹಿಂದೆ ಕೂಗುವುದು, ಎನ್ನುತ್ತಾಳೆ.
ಲಾರಿ, ಎನ್ನುತ್ತೇನೆ.

ಕುತ್ತಿಗೆ ತಿರುಗಿಸಿ ನೋಡುತ್ತಾಳೆ.
ಸೇತುವೆ ಖಾಲಿ.